ಬೆಲ್‌ಕೂರ್ ಶಾಲೆಯ ಮೇಷ್ಟರು

ಫ್ರೆಂಚರ ಆಳ್ವಿಕೆಯ ಅಲ್ಜಿಯರ್ಸ್ ನಗರದಲ್ಲಿ ಬೆಲ್‌ಕೂರ್ ಎಂಬುದು ದುಡಿಯುವ ಜನರ ಬಡಾವಣೆ. 1924ರ ಸುಮಾರಿಗೆ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಲೂಯಿ ಜರ್ಮೇನ್ ಎಂಬ ಮೇಷ್ಟರು ಕೆಲವು ಹುಡುಗರನ್ನು ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಅದಕ್ಕೆ ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ.

1881-82ರ ಜೂಲ್ ಫೆರಿ ಕಾನೂನುಗಳಿಂದ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಗಿತ್ತು. ಆದರೆ ಪ್ರೌಢಶಾಲೆಗೆ, ಫ್ರೆಂಚರ ಮಾತಿನಲ್ಲಿ ಲಿಸೆಗೆ, ಫೀಸು ಕಟ್ಟಬೇಕಿತ್ತು. ಬಡವರ ಮಕ್ಕಳಿಗೆ ವಿದ್ಯಾರ್ಥಿವೇತನದ ಪರೀಕ್ಷೆಯೇ ಗತಿ. ಅದಕ್ಕೆ ಯಾರನ್ನು ತಯಾರು ಮಾಡಬೇಕೆಂದು ಗುರುತಿಸುತ್ತಿದ್ದವರು ಊರ ಮೇಷ್ಟರು.

ಜರ್ಮೇನ್ ಗುರುತಿಸಿದವರಲ್ಲಿ ಒಬ್ಬ, ಮುಂದೆ ಲೇಖಕನಾದ ಆಲ್ಬೇರ್ ಕಮೂ. ತಂದೆ 1914ರಲ್ಲಿ ಮಾರ್ನ್ ಕಾಳಗದಲ್ಲಿ ಗಾಯಗೊಂಡು ತೀರಿಕೊಂಡಿದ್ದರು. ತಾಯಿಗೆ ಕಿವಿ ಮಂದ, ಓದುಬರಹ ಬಾರದು. ಕಂಡವರ ಮನೆಗೆಲಸ ಮಾಡಿ ಮಕ್ಕಳನ್ನು ಸಾಕುತ್ತಿದ್ದರು. ಮನೆಯ ಯಜಮಾನಿಕೆ ಅಜ್ಜಿಯದು. ಹುಡುಗ ಬೇಗ ದುಡಿಯಲು ಹೋಗಲಿ ಎಂದು ಆಕೆ ಹಟ ಹಿಡಿದಿದ್ದರು. ಮೇಷ್ಟರು ಆಕೆಯನ್ನು ಒಪ್ಪಿಸಿದರು, ಹುಡುಗ ಪಾಸಾದ.

1957ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ಕಮೂ ನವೆಂಬರ್ 19ರಂದು ಈ ಮೇಷ್ಟರಿಗೆ ಪತ್ರ ಬರೆದು, ತಾಯಿಯ ನಂತರ ತಮಗೆ ನೆನಪಾದವರು ಅವರೇ ಎಂದರು. ಆ ಸಂದರ್ಭದಲ್ಲಿ ಸ್ವೀಡನ್ನಿನಲ್ಲಿ ಮಾಡಿದ ಭಾಷಣಗಳ ಪುಸ್ತಕವನ್ನೂ ಅವರಿಗೇ ಅರ್ಪಿಸಿದರು. ಆ ಪತ್ರ ಲೋಕಪ್ರಸಿದ್ಧ. ಆದರೆ 1959ರ ಏಪ್ರಿಲ್ 30ರಂದು ಜರ್ಮೇನ್ ಕಮೂಗೆ ಬರೆದ ಪತ್ರವನ್ನು ಓದಿದವರು ಕಡಿಮೆ. ಮೇಷ್ಟರೊಬ್ಬರ ಮನಸ್ಸಿನಲ್ಲಿ ಎಂಥ ಹುಡುಗ ಉಳಿಯುತ್ತಾನೆ ಎಂದು ತಿಳಿಯಬೇಕಾದರೆ ಅದನ್ನೇ ಓದಬೇಕು.

ನಲವತ್ತೈದು ವರ್ಷದ ಜಗತ್ಪ್ರಸಿದ್ಧ ಲೇಖಕರನ್ನು ಅವರು ಅದರಲ್ಲಿ ಪುಟ್ಟ ಮಗುವನ್ನು ಕರೆದಂತೆ ಅಕ್ಕರೆಯಿಂದ ಕರೆಯುತ್ತಾರೆ. ಅವರಿಗೆ ನೆನಪಿದ್ದದ್ದು, ತರಗತಿಯಲ್ಲಿ ಕೂತಿದ್ದಾಗ ಆ ಹುಡುಗನ ಮುಖದಲ್ಲಿ ಉಕ್ಕುತ್ತಿದ್ದ ಸಂತೋಷ. ಅಣ್ಣನಂತೆ ಅವನೂ ಅಚ್ಚುಕಟ್ಟಾದ ಬಟ್ಟೆ ತೊಟ್ಟು ಬರುತ್ತಿದ್ದನಂತೆ. ಹೀಗಾಗಿ ಮನೆಯ ಕಷ್ಟ ಅವರಿಗೆ ತಿಳಿದೇ ಇರಲಿಲ್ಲ. ವಿದ್ಯಾರ್ಥಿವೇತನದ ವಿಚಾರಕ್ಕೆ ತಾಯಿ ತಮ್ಮನ್ನು ಕಾಣಲು ಬಂದಾಗಲಷ್ಟೇ ಅದರ ಸುಳಿವು ಸಿಕ್ಕಿತು. ಮೂವತ್ತೈದು ವರ್ಷ ಕಳೆದರೂ ಹುಡುಗನ ಬಟ್ಟೆ ಕೂಡ ನೆನಪಿರಬೇಕಾದರೆ, ಆ ಮೇಷ್ಟರು ಪ್ರತಿಯೊಂದು ಮಗುವನ್ನೂ ಎಷ್ಟು ಗಮನಿಸಿ ನೋಡುತ್ತಿದ್ದಿರಬೇಕು! ಜಾಣತನಕ್ಕಿಂತ, ಕಲಿಯುವಾಗಿನ ಆ ಖುಷಿಯೇ ಅವರ ಮನಸ್ಸಿನಲ್ಲಿ ಉಳಿದಿತ್ತು.

1960ರ ಜನವರಿ 4ರಂದು ಕಮೂ ಕಾರು ಅಪಘಾತದಲ್ಲಿ ತೀರಿಕೊಂಡರು. ಜೊತೆಯಲ್ಲಿದ್ದ ಚೀಲದಲ್ಲಿ ತಮ್ಮ ಬಾಲ್ಯದ ಬಗೆಗಿನ ಅಪೂರ್ಣ ಕಾದಂಬರಿಯ ಹಸ್ತಪ್ರತಿಯಿತ್ತು. ಕಾದಂಬರಿಯಲ್ಲಿ ಮೇಷ್ಟರ ಹೆಸರು ಬೆರ್ನಾರ್. ಆದರೆ ಬರೆಯುತ್ತ ಬರೆಯುತ್ತ ಕಮೂ ಅಲ್ಲಲ್ಲಿ ಆ ಮೇಷ್ಟರನ್ನು ಜರ್ಮೇನ್ ಎಂದೇ ಬರೆದುಬಿಟ್ಟಿದ್ದರು. ಆ ಕಾದಂಬರಿ 1994ರಲ್ಲಿ ಅಚ್ಚಾಯಿತು. ಅದರ ಕೊನೆಯಲ್ಲಿ ಇಬ್ಬರ ಪತ್ರಗಳೂ ಇವೆ.