ಪೌತಿ ಖಾತೆ

ನಮ್ಮ ಮಲೆನಾಡಿನ ಮನೆಗಳಲ್ಲಿ ಯಜಮಾನ ತೀರಿಕೊಂಡರೆ, ತಿಥಿಯ ಊಟದ ಎಲೆ ಎತ್ತುವುದರೊಳಗೆ ಯಾರಾದರೊಬ್ಬರು ಮೆಲ್ಲಗೆ ಮಾತು ತೆಗೆಯುತ್ತಾರೆ: “ಪೌತಿ ಖಾತೆ ಮಾಡಿಸಬೇಕಲ್ಲ.” ಪಾರಸಿಯ ‘ಫೌತ್’ ಎಂದರೆ ಸಾವು. ಕಚೇರಿಯವರ ಬಾಯಲ್ಲಿ ಸವೆದು ಅದು ಪೌತಿಯಾಯಿತು. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರನ್ನು ಪಹಣಿಗೆ ಏರಿಸುವುದೇ ಪೌತಿ ಖಾತೆ. ಪಟ್ಟಣದ ವಕೀಲರು ಹೇಳುವ ‘ಪ್ರೊಬೇಟ್’ ನಮ್ಮ ಕಡೆ ಹೆಚ್ಚು ಕೇಳಿಬಂದ ಮಾತಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹಿಂದೂಗಳ ಉಯಿಲಿಗೆ ಕೋರ್ಟಿನ ಮುದ್ರೆ ಬೇಕೇಬೇಕೆಂದು ಕಡ್ಡಾಯ ಮಾಡಿದ್ದು ಬಂಗಾಳದ ಸೀಮೆಗೆ, ಮದ್ರಾಸು ಮುಂಬಯಿ ನಗರಗಳಿಗೆ. ಮೈಸೂರು ಸೀಮೆಗೆ ಆ ಕಟ್ಟು ಇರಲಿಲ್ಲ. ಅಲ್ಲದೆ ನಮ್ಮ ಹಿರಿಯರು ಉಯಿಲು ಬರೆದಿಟ್ಟದ್ದೇ ಕಡಿಮೆ. ಬದುಕಿರುವಾಗ ಉಯಿಲು ಬರೆಯುವುದೆಂದರೆ ಸಾವನ್ನು ಜಗಲಿಗೆ ಕರೆದು ಕೂರಿಸಿದಂತೆ ಎಂದು ಅವರ ಎಣಿಕೆ.

ನನ್ನ ತವರು ಜಾವಳಿಯ ಕಡೆ. ಹೇಮಾವತಿ ಹುಟ್ಟುವ ಜಾಗ. ಅಲ್ಲಿನ ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ 1948ರ ಪಾಲುಪಟ್ಟಿಯೊಂದಿದೆ. ಅಜ್ಜ ತೀರಿಕೊಂಡು ನಾಲ್ಕು ವರ್ಷಕ್ಕೆ ದೊಡ್ಡಪ್ಪ ಮತ್ತು ಅಪ್ಪಯ್ಯ ಬೇರೆಯಾದಾಗ ಬರೆದದ್ದು. ಇಪ್ಪತ್ತೆರಡು ಎಕರೆ ಕಾಫಿ ಏಲಕ್ಕಿ ತೋಟ. ಇಬ್ಬರು ಗಂಡುಮಕ್ಕಳಿಗೆ ಎಂಟೆಂಟು, ಅಜ್ಜಿಗೆ ನಾಲ್ಕು, ಆಗ ಹನ್ನೆರಡು ವರ್ಷದ ಸೋದರತ್ತೆಗೆ ಎರಡು. ಚಿಕ್ಕಂದಿನಲ್ಲಿ ನಾನಿದನ್ನು ಅಜ್ಜನ ಮನೆಯವರ ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಅದು ಮನಸ್ಸಲ್ಲ, ಕಾನೂನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ತಂದಿತು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಹೆಣ್ಣುಮಗಳಿಗೆ ಅಣ್ಣನ ಪಾಲಿನ ಕಾಲು ಭಾಗ ಕೊಡಬೇಕು ಎಂದಿತು. ಹನ್ನೊಂದು ಪಾಲು ಮಾಡಿ ನಾಲ್ಕು, ನಾಲ್ಕು, ಎರಡು, ಒಂದು. ಲೆಕ್ಕ ಸರಿಯಾಗಿಯೇ ಇದೆ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಗಂಡನ ಪಾಲಿನ ಮೇಲೆ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಅದೂ ಜೀವಿತಾವಧಿಗೆ ಮಾತ್ರ, ಮಗಳಿಗೆ ಅದರಲ್ಲಿ ಏನೂ ಇರಲಿಲ್ಲ.

ಲೆಕ್ಕವೇನೋ ಸರಿ. ಆದರೆ ಸೋದರತ್ತೆಯ ಎರಡು ಎಕರೆಯ ಮುಂದೆ ‘ಮದುವೆ ಖರ್ಚಿನ ಬಾಬ್ತು’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದೆ. ಮದುವೆ ಆಯಿತು, ಖರ್ಚು ಆಯಿತು, ಎರಡು ಎಕರೆ ಅಪ್ಪಯ್ಯನ ತೋಟದೊಳಗೆ ಕರಗಿತು. ಪಹಣಿಯಲ್ಲಿ ಅತ್ತೆಯ ಹೆಸರು ಒಂದು ದಿನವೂ ಬರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೆಣ್ಣುಮಕ್ಕಳನ್ನು ಆಸ್ತಿಯಿಂದ ಹೊರಗಿಟ್ಟದ್ದಕ್ಕೆ ಎಲ್ಲರೂ ‘ಮಿತಾಕ್ಷರ’ವನ್ನು ದೂರುತ್ತಾರೆ. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಗಂಡುಮಕ್ಕಳಿಗೆ ಎಂದು ಹೇಳಿದ್ದು ನಿಜ. ಆದರೆ ಸ್ತ್ರೀಧನದ ವಿಷಯಕ್ಕೆ ಬಂದಾಗ ಅವನ ಕೈ ಧಾರಾಳ. ಹೆಣ್ಣಿಗೆ ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅವಳ ಸ್ತ್ರೀಧನವೇ ಎಂದು ಬರೆದ. ಅದನ್ನು ಒಪ್ಪದೆ, ವಾರಸಿನಿಂದ ಬಂದ ಆಸ್ತಿಯಲ್ಲಿ ಹೆಂಗಸಿಗೆ ಜೀವ ಇರುವಷ್ಟು ದಿನದ ಅನುಭೋಗ ಮಾತ್ರ ಎಂದು ಕಿರಿದು ಮಾಡಿದವರು ಲಂಡನ್ನಿನ ಪ್ರಿವಿ ಕೌನ್ಸಿಲ್‌ನ ನ್ಯಾಯಾಧೀಶರು. ಎಲ್ಲದಕ್ಕೂ ‘ನಮ್ಮ ಶಾಸ್ತ್ರ ಹಾಗೆ’ ಎನ್ನುವ ಗಂಡಸರಿಗೆ ಈ ಸಂಗತಿ ಹೇಳಿದರೆ ಸಾಮಾನ್ಯವಾಗಿ ಕಾಫಿ ಲೋಟ ಕೆಳಗಿಡುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಂಗಸಿನ ಸೀಮಿತ ಹಕ್ಕನ್ನು ಪೂರ್ಣ ಹಕ್ಕಾಗಿ ಮಾಡಿದಾಗ, ಎಂಟುನೂರು ವರ್ಷಕ್ಕೂ ಹಿಂದೆ ವಿಜ್ಞಾನೇಶ್ವರ ಹೇಳಿದ ಕಡೆಗೇ ದೇಶ ತಿರುಗಿತು.

ಇನ್ನು ಚಾರ್ಮಾಡಿ ಘಾಟಿ ಇಳಿದರೆ ಲೋಕವೇ ಬೇರೆ. ಅಲ್ಲಿ ಅಳಿಯಸಂತಾನ, ಆಸ್ತಿ ಹರಿಯುವುದು ತಾಯಿಯ ಕಡೆಯಿಂದ. ಹಾಗೆಂದು ಘಟ್ಟದ ಮೇಲೆ ಹೆಣ್ಣಿನ ಆಳ್ವಿಕೆ ಕಂಡೇ ಇಲ್ಲವೆಂದಲ್ಲ. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಕಳಸದಿಂದ ರಾಜ್ಯವಾಳಿದ್ದನ್ನು ಶಾಸನಗಳು ಹೇಳುತ್ತವೆ. ರಾಜ್ಯ ಆಳಿದ ಹೆಂಗಸರ ಸೀಮೆಯಲ್ಲಿ ಎರಡು ಎಕರೆಗೆ ಸಣ್ಣ ಅಕ್ಷರ!

ಕಾಫಿ ತೋಟದ ಮನೆಗಳ ವಾರಸಿಗೆ ಇನ್ನೊಂದು ತೊಡಕೂ ಇತ್ತು. 1942ರ ಕಾಫಿ ಕಾಯಿದೆಯ ಮೇಲೆ ಬೆಳೆದ ಕಾಫಿಯನ್ನೆಲ್ಲ ಬೋರ್ಡಿನ ಪೂಲಿಗೆ ಕೊಡಬೇಕು, ಹಣ ಮಾತ್ರ ಕಂತು ಕಂತಾಗಿ, ವರ್ಷ ಕಳೆದರೂ ಬರುತ್ತಲೇ ಇರುವುದು. 1986ರಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೂ ಅವರ ಹೆಸರಿಗೆ ಕಂತು ಬಂತು. ದೊಡ್ಡಮ್ಮನಿಗೆ ಮೂವರೂ ಹೆಣ್ಣುಮಕ್ಕಳು. ಬ್ಯಾಂಕಿನವರು ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದರು. ಅದು ಸತ್ತವರಿಗೆ ಬರಬೇಕಾದ ಹಣಕ್ಕೆ, ಷೇರು ಬಾಂಡುಗಳಿಗೆ ಬೇಕಾದ ಕಾಗದ. ಜಮೀನಿಗೆ ಅದು ನಡೆಯುವುದಿಲ್ಲ, ಜಮೀನಿಗೆ ಪೌತಿ ಖಾತೆಯೇ. ದೊಡ್ಡಮ್ಮ ಎರಡು ಮಳೆಗಾಲ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಓಡಾಡಿದರು. ಪ್ರತಿ ಸಲವೂ ಮಡಿಲಲ್ಲಿ ಅದೇ ಪ್ಲಾಸ್ಟಿಕ್ ಚೀಲ. ಪೂಲು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಮುಗಿದೇ ಹೋಯಿತು.

ಅಪ್ಪಯ್ಯ ಹೋದದ್ದು 2009ರ ಆಷಾಢದಲ್ಲಿ. ನಾವು ಮೂವರು: ಅಣ್ಣಯ್ಯ, ನಾನು, ತಂಗಿ. ನನ್ನ ಮದುವೆ 1989ರಲ್ಲಿ, ತಂಗಿಯದು 1996ರಲ್ಲಿ. ಈ ವರ್ಷಗಳನ್ನು ಏಕೆ ಹೇಳುತ್ತಿದ್ದೇನೆಂದರೆ, 1994ರ ಜುಲೈ 30ರಿಂದ ಕರ್ನಾಟಕ ಮಗಳನ್ನೂ ಮಗನಂತೆ ಪಿತ್ರಾರ್ಜಿತದ ಪಾಲುದಾರಳನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತು. ಹನ್ನೊಂದು ವರ್ಷ ಕಾಲ ನನ್ನ ತಂಗಿ ಆ ತೋಟಕ್ಕೆ ಹಕ್ಕುದಾರಳು, ನಾನು ನೆಂಟಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ಗೆಜೆಟ್ಟಿನ ತಾರೀಖು ಬಂದು ಕೂತಿತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವಳು ಆಗದವಳು ಎಂಬ ಭೇದ ಅಳಿಸಿತು.

ಕಾನೂನು ಹಾಗಿದ್ದರೂ, ಕಚೇರಿಗೆ ಕೊಡಲು ಸಿದ್ಧವಾಗಿದ್ದ ವಂಶವೃಕ್ಷದಲ್ಲಿ ಅವ್ವ ಮತ್ತು ಅಣ್ಣಯ್ಯ ಇಬ್ಬರೇ ಇದ್ದರು. ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾರಲ್ಲ ಎಂದು ಬರೆದುಕೊಟ್ಟ ಗುಮಾಸ್ತರ ಸಮಾಧಾನ. ಅಣ್ಣಯ್ಯ ಕೆಟ್ಟವನಲ್ಲ. 2001ರ ಸುತ್ತ ಕಾಫಿ ಬೆಲೆ ಬಿದ್ದು ಆಳಿನ ಸಂಬಳಕ್ಕೂ ದುಡ್ಡಿಲ್ಲದ ದಿನಗಳಲ್ಲಿ ತೋಟ ಬೀಳು ಬಿಡದೆ ಉಳಿಸಿದವನು ಅವನು. ಆಗ ನಾನು ಹಾಸನದಲ್ಲಿ ನನ್ನ ಸಂಸಾರ ನೋಡಿಕೊಂಡಿದ್ದೆ. ಹೀಗಾಗಿ ನನಗೆ ಪೆನ್ನು ಹಿಡಿಯುವುದೂ ಕಷ್ಟ, ಕೆಳಗಿಡುವುದೂ ಕಷ್ಟ. ತವರಿನ ಬಾಗಿಲು ಮುಚ್ಚೀತೆಂಬ ಭಯ ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ.

ಆಗ ಮಾತಾಡಿದವರು ಎಪ್ಪತ್ಮೂರರ ಸೋದರತ್ತೆ. “ರುಜು ಹಾಕೂದಾದ್ರೆ ಹಾಕು ಮಾರಾಯ್ತಿ. ಏನು ಬಿಡ್ತಿದೀಯ ಅಂತ ಮೊದಲು ತೋಟ ಸುತ್ತಿ ನೋಡ್ಕಂಡು ಬಾ. ನಂಗೆ ಯಾರೂ ತೋರ್ಸಲೇ ಇಲ್ಲ” ಎಂದರು. ಅಣ್ಣಯ್ಯ ತಲೆ ತಗ್ಗಿಸಿದ. ಮಾರನೆಯ ದಿನ ಛತ್ರಿ ಹಿಡಿದು ಅವನೇ ನಮ್ಮಿಬ್ಬರನ್ನೂ ಬೇಲಿಯುದ್ದಕ್ಕೂ ಕರೆದೊಯ್ದ.

ಕೊನೆಗೆ ವಂಶವೃಕ್ಷ ಹೊಸದಾಗಿ ಬರೆಸಿ ನಾಲ್ವರ ಹೆಸರಿಗೂ ಜಂಟಿ ಖಾತೆಯಾಯಿತು. ಖಾತೆ ಎಂಬುದು ಕಂದಾಯದ ದಾಖಲೆಯಷ್ಟೇ. ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ. ಬಿಡುಗಡೆ ಪತ್ರಕ್ಕೆ ರುಜು ಹಾಕಿ ರಿಜಿಸ್ಟರ್ ಮಾಡಿಸಿದರೆ ಮಾತ್ರ ಹೋದದ್ದು ಹೋದಂತೆಯೇ. ನಾನೂ ತಂಗಿಯೂ ನಮ್ಮ ಪೂರಾ ಪಾಲು ಕೇಳಲಿಲ್ಲ. ಮೂರು ವರ್ಷದ ಮೇಲೆ ತಲಾ ಒಂದೂವರೆ ಎಕರೆ ಬರೆಸಿಕೊಂಡು ಉಳಿದದ್ದನ್ನು ಅವನಿಗೆ ಬಿಟ್ಟೆವು. ಇದು ಸರಿಯೋ ಎಂದು ನನ್ನ ಮಗಳು ಈಗಲೂ ಜಗಳ ತೆಗೆಯುತ್ತಾಳೆ.

ಕೋರ್ಟುಗಳಲ್ಲಿ ಗೊಂದಲ ಅಷ್ಟಕ್ಕೆ ಮುಗಿದಿರಲಿಲ್ಲ. 2005ರಲ್ಲಿ ತಂದೆಯೂ ಬದುಕಿರಬೇಕು ಎಂದು 2015ರ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2018ರ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ಉತ್ತರ ಕರ್ನಾಟಕದ ಮನೆಗಳ ವ್ಯಾಜ್ಯ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಗಂಟು ಬಿಡಿಸಿದರು: ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ ಪಾಲುಪಟ್ಟಿಗಳನ್ನು ಮುಟ್ಟುವಂತಿಲ್ಲ. ಕೊಟ್ಟಿಗೆಹಾರದ ಕಡೆಯ ನನ್ನ ಗೆಳತಿಯೊಬ್ಬಳ ಅಣ್ಣಂದಿರು ಪಾಲಾಗಿ ರಿಜಿಸ್ಟರ್ ಮಾಡಿಸಿದ್ದು 1999ರಲ್ಲಿ. ತನ್ನ ಮದುವೆಯ ದಿನ ಕೇಳಿದರೆ ಯೋಚಿಸಿ ಹೇಳುವ ಆಕೆಗೆ ಈ ಡಿಸೆಂಬರ್ 20 ಮಾತ್ರ ಬಾಯಿಪಾಠ.