ಜನ್ಮಜಾತ ಪಿತ್ತನಾಳ ಹಿಗ್ಗುವಿಕೆ: ಶಸ್ತ್ರಚಿಕಿತ್ಸೆಯ ಅನಂತರದ ಕ್ಯಾನ್ಸರ್

ಯಕೃತ್ತಿನಿಂದ ಸಣ್ಣ ಕರುಳಿಗೆ ಪಿತ್ತರಸವನ್ನು ಒಯ್ಯುವ ನಾಳವು ಹುಟ್ಟಿನಿಂದಲೇ ಚೀಲದಂತೆಯೋ ಕದಿರಿನಂತೆಯೋ ಉಬ್ಬಿಕೊಂಡಿರುವ ವಿಕಾರಕ್ಕೆ ಜನ್ಮಜಾತ ಪಿತ್ತನಾಳ ಹಿಗ್ಗುವಿಕೆ ಅಥವಾ ಕೊಲೆಡೋಕಲ್ ಸಿಸ್ಟ್ ಎಂದು ಹೆಸರು. ಇದು ಗಂಡಸರಿಗಿಂತ ಹೆಂಗಸರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ವಿರಳವಾದರೂ ಪೂರ್ವ ಏಷ್ಯಾದಲ್ಲಿ, ಅದರಲ್ಲೂ ಜಪಾನಿನಲ್ಲಿ, ಸಾಕಷ್ಟು ಕಾಣಸಿಗುತ್ತದೆ. 1959ರಲ್ಲಿ ಅಲೊನ್ಸೊ-ಲೆಹ್ ಮತ್ತು ಸಹಲೇಖಕರು ಮೂರು ಬಗೆಗಳಾಗಿ ವಿಂಗಡಿಸಿದ್ದ ಈ ವಿಕಾರವನ್ನು 1977ರಲ್ಲಿ ಟೊಡಾನಿ ಮತ್ತು ಸಂಗಡಿಗರು ಐದು ಬಗೆಗಳಿಗೆ ವಿಸ್ತರಿಸಿದರು. ಯಕೃತ್ತಿನ ಹೊರಗಿನ ನಾಳ ಮಾತ್ರ ಹಿಗ್ಗಿರುವ ಮೊದಲನೆಯ ಬಗೆಯೇ ಅತಿ ಸಾಮಾನ್ಯವಾದುದು.

ಈ ವಿಕಾರವಿರುವವರಿಗೆ ಪಿತ್ತಾಂಗಗಳ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಆ ಕ್ಯಾನ್ಸರಿನ ಮೂಲವಿರುವುದು ಉಬ್ಬಿನಲ್ಲಿ ಎನ್ನುವುದಕ್ಕಿಂತ ನಾಳಗಳು ಕೂಡುವ ಬಗೆಯಲ್ಲಿ ಎನ್ನಬೇಕು. ಸಾಮಾನ್ಯವಾಗಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೊಡಿನಮ್‌ನ ಗೋಡೆಯೊಳಗೆ ಸೇರುತ್ತವೆ, ಅಲ್ಲಿ ಒಡ್ಡಿ ಎಂಬ ಉಂಗುರಸ್ನಾಯು ಅವುಗಳ ಹರಿವನ್ನು ಹತೋಟಿಯಲ್ಲಿಡುತ್ತದೆ. ಈ ರೋಗಿಗಳಲ್ಲಿ ಹಲವರಿಗೆ ಆ ಸಂಗಮ ಗೋಡೆಯ ಹೊರಗೇ ಆಗಿಬಿಟ್ಟಿರುತ್ತದೆ. ಮೇದೋಜೀರಕ ರಸದ ಒತ್ತಡ ಪಿತ್ತರಸದ ಒತ್ತಡಕ್ಕಿಂತ ಹೆಚ್ಚಿರುವುದರಿಂದ, ತಡೆಯುವ ಸ್ನಾಯುವಿಲ್ಲದ ಕಡೆ ಆ ರಸ ಪಿತ್ತನಾಳದೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. 1969ರಲ್ಲಿ ಬ್ಯಾಬಿಟ್ ಮಂಡಿಸಿದ ವಿವರಣೆಯ ತಿರುಳು ಇದು. ಎರಡು ರಸಗಳೂ ಬೆರೆತಾಗ ಪಿತ್ತದಲ್ಲಿನ ಲೆಸಿಥಿನ್ ಒಡೆದು, ಜೀವಕೋಶಗಳನ್ನು ಕೆಡಿಸುವ ಲೈಸೊಲೆಸಿಥಿನ್ ಉಂಟಾಗುತ್ತದೆ. ಒಳಪದರ ಮತ್ತೆ ಮತ್ತೆ ಹಾನಿಗೊಂಡು, ಮತ್ತೆ ಮತ್ತೆ ಬೆಳೆಯುತ್ತ, ಆನುವಂಶಿಕ ಬದಲಾವಣೆಗಳನ್ನು ಕೂಡಿಹಾಕಿಕೊಳ್ಳುತ್ತದೆ. ಜಪಾನಿನ ರಾಷ್ಟ್ರೀಯ ನೋಂದಣಿಯಲ್ಲಿ, ಇಂತಹ ಸಂಗಮದೋಷದೊಂದಿಗೆ ನಾಳವೂ ಹಿಗ್ಗಿದ್ದ ವಯಸ್ಕರಲ್ಲಿ ಶೇ. 21.6 ಮಂದಿಗೆ ಪಿತ್ತಾಂಗಗಳ ಕ್ಯಾನ್ಸರ್ ಕಂಡುಬಂದರೆ, ನಾಳ ಹಿಗ್ಗದಿದ್ದವರಲ್ಲಿ ಅದು ಶೇ. 42.4ರಷ್ಟಿತ್ತು, ಅವರಲ್ಲಿ ಹೆಚ್ಚಿನವು ಪಿತ್ತಕೋಶದ ಕ್ಯಾನ್ಸರ್‌ಗಳು.

ಮೊದಲಿಗೆ ಶಸ್ತ್ರವೈದ್ಯರು ಚೀಲವನ್ನು ಅಲ್ಲಿಯೇ ಬಿಟ್ಟು ಅದನ್ನು ಕರುಳಿಗೆ ಜೋಡಿಸುತ್ತಿದ್ದರು. ಪಿತ್ತ ಹರಿದು ಕಾಮಾಲೆ ಇಳಿಯುತ್ತಿತ್ತು, ಆದರೆ ರಸ ನುಗ್ಗುವುದು ನಿಲ್ಲುತ್ತಿರಲಿಲ್ಲ. ವರ್ಷಗಳ ಮೇಲೆ ಆ ಚೀಲದಲ್ಲಿಯೇ ಕ್ಯಾನ್ಸರ್ ಹುಟ್ಟುವುದು ಕಂಡುಬಂದ ಮೇಲೆ ಆ ವಿಧಾನವನ್ನು ಕೈಬಿಡಲಾಯಿತು. ಇಂತಹ ಹಳೆಯ ಜೋಡಣೆಯಾಗಿದ್ದವರಿಗೆ ರೋಗಲಕ್ಷಣಗಳಿಲ್ಲದಿದ್ದರೂ ಚೀಲವನ್ನು ತೆಗೆಸಿಕೊಳ್ಳುವಂತೆ ಸಲಹೆ ಕೊಡುವುದುಂಟು.

ಈಗಿನ ಕ್ರಮದಲ್ಲಿ ಹಿಗ್ಗಿದ ನಾಳವನ್ನು ಪಿತ್ತಕೋಶದ ಸಮೇತ ಕತ್ತರಿಸಿ ತೆಗೆದು, ಯಕೃತ್ತಿನಿಂದ ಹೊರಡುವ ನಾಳದ ತುದಿಗೆ ಸಣ್ಣ ಕರುಳಿನ ಒಂದು ಸುರುಳಿಯನ್ನು ಹೊಲಿಯುತ್ತಾರೆ. ಸ್ವಿಸ್ ಶಸ್ತ್ರವೈದ್ಯ ಸೀಸರ್ ರೂ ಅವರ ಹೆಸರಿನಿಂದ ಇದನ್ನು ರೂ-ಎನ್-ವೈ ಜೋಡಣೆ ಎನ್ನುತ್ತಾರೆ. ಇದರಿಂದ ಎರಡು ರಸಗಳ ಹಾದಿ ಬೇರೆಯಾಗಿ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಕತ್ತರಿ ಆಡುವ ಎರಡು ತುದಿಗಳಲ್ಲಿಯೇ ತೊಡಕಿದೆ. ಕೆಳತುದಿಯಲ್ಲಿ ಪಿತ್ತನಾಳ ಮೇದೋಜೀರಕ ಗ್ರಂಥಿಯೊಳಗೆ ಹುದುಗಿರುತ್ತದೆ. ಗ್ರಂಥಿಯ ನಾಳಕ್ಕೆ ಪೆಟ್ಟಾದೀತೆಂದು ಹಿಂಜರಿದು ಮೇಲೆಯೇ ಕತ್ತರಿಸಿದರೆ, ಉಳಿದ ತುಣುಕಿಗೆ ಮೇದೋಜೀರಕ ರಸದ ಸಂಪರ್ಕ ತಪ್ಪುವುದಿಲ್ಲ. ಮೇಲ್ತುದಿಯಲ್ಲಿ, ನಾಲ್ಕನೆಯ ಬಗೆಯ ಒಂದು ಉಪಭೇದದಂತೆ ಹಿಗ್ಗುವಿಕೆ ಯಕೃತ್ತಿನೊಳಕ್ಕೂ ಚಾಚಿದ್ದರೆ, ಅದನ್ನೆಲ್ಲ ತೆಗೆಯಲು ಯಕೃತ್ತಿನ ಭಾಗವನ್ನೇ ತೆಗೆಯಬೇಕಾಗುತ್ತದೆ. ಹಾಗಾಗಿ ಎಷ್ಟೋ ಸಲ ಅದು ಅಲ್ಲಿಯೇ ಉಳಿಯುತ್ತದೆ. ಹೊಲಿಗೆಯ ಜಾಗ ಕಿರಿದಾದರೆ ಪಿತ್ತ ನಿಂತು, ಕಲ್ಲು ಕಟ್ಟಿ, ಸೋಂಕು ಮರುಕಳಿಸುತ್ತದೆ. ದೀರ್ಘಕಾಲದ ಈ ಉರಿಯೂತವೂ ಕ್ಯಾನ್ಸರಿಗೆ ದಾರಿಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಕೆಟ್ಟಿದ್ದ ಜೀವಕೋಶಗಳು ಉಳಿದ ನಾಳದಲ್ಲಿದ್ದರೆ ರಸದ ಸಂಪರ್ಕ ತಪ್ಪಿದ ಮಾತ್ರಕ್ಕೆ ಅವು ಸರಿಹೋಗುವುದಿಲ್ಲ. ಆದ್ದರಿಂದಲೇ ಚಿಕ್ಕ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದವರಿಗಿಂತ ವಯಸ್ಕರಾದ ಮೇಲೆ ಆದವರಿಗೆ ಅಪಾಯ ಹೆಚ್ಚು.

ಚೀಲ ತೆಗೆದ ಮೇಲೆ ಕ್ಯಾನ್ಸರ್ ಕಂಡ ಪ್ರಮಾಣ ಹೆಚ್ಚಿನ ವರದಿಗಳಲ್ಲಿ ಶೇ. 0.7ರಿಂದ 6ರ ನಡುವೆ ಇದೆ. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಕ್ಯಾನ್ಸರ್ ಹತ್ತು ಇಪ್ಪತ್ತು ವರ್ಷಗಳ ಮೇಲೂ ಬರಬಹುದಾದ್ದರಿಂದ ಕಡಿಮೆ ಅವಧಿಯ ಅಧ್ಯಯನದಲ್ಲಿ ಪ್ರಮಾಣ ತಾನಾಗಿಯೇ ಕಡಿಮೆ ಕಾಣುತ್ತದೆ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದವರು ದೊಡ್ಡವರಾದಂತೆ ಮಕ್ಕಳ ವೈದ್ಯರ ಕೈತಪ್ಪಿ, ಬೇರೆ ಯಾರ ತಪಾಸಣೆಗೂ ಒಳಪಡದೆ ಹೋಗುವುದು ಇಲ್ಲಿನ ದೊಡ್ಡ ಕೊರತೆ.

ಹೀಗೆ ತಡವಾಗಿ ಬರುವ ಕ್ಯಾನ್ಸರ್ ಬಹಳ ಸಲ ಕಾಮಾಲೆ ಅಥವಾ ಹೊಟ್ಟೆನೋವು ಶುರುವಾಗುವವರೆಗೂ ಗೊತ್ತಾಗುವುದಿಲ್ಲ. ಜೀವನಪೂರ್ತಿ ತಪಾಸಣೆ ಬೇಕೆಂಬುದಕ್ಕೆ ಹೆಚ್ಚಿನ ತಜ್ಞರ ಒಪ್ಪಿಗೆಯಿದೆ. ಯಕೃತ್ತಿನ ಕಾರ್ಯ ತಿಳಿಸುವ ರಕ್ತಪರೀಕ್ಷೆ, ಅಲ್ಟ್ರಾಸೌಂಡ್, ಸಂಶಯ ಬಂದರೆ ಎಂಆರ್‌ಐ ಮೂಲಕ ನಾಳಗಳ ಚಿತ್ರಣ ಇದರಲ್ಲಿ ಸೇರುತ್ತವೆ. ಬಾಯಿಯಿಂದ ಇಳಿಸುವ ಸಾಮಾನ್ಯ ಎಂಡೋಸ್ಕೋಪ್ ಉದ್ದನೆಯ ಕರುಳಿನ ಸುರುಳಿಯನ್ನು ದಾಟಿ ಹೊಲಿಗೆಯ ಜಾಗವನ್ನು ಮುಟ್ಟುವುದು ಕಷ್ಟವಾದ್ದರಿಂದ, ಅಂಗಾಂಶದ ಚೂರು ತೆಗೆಯಲು ಬಲೂನುಗಳ ನೆರವಿನಿಂದ ಮುಂದೆ ಸಾಗುವ ವಿಶೇಷ ಎಂಡೋಸ್ಕೋಪನ್ನೋ ಚರ್ಮದ ಮೂಲಕ ಯಕೃತ್ತಿಗೆ ತೂರಿಸುವ ಸೂಜಿಯನ್ನೋ ಬಳಸಬೇಕಾಗುತ್ತದೆ.