ತಿರುಗಣಿಯಿಂದ ಬಿಜಾಗರಿಗೆ

ದೇಶಪಾಂಡೆ ನಗರದ ನಮ್ಮ ಮನೆಗಿಂತ ಅದರ ತಲೆಬಾಗಿಲಿಗೆ ವಯಸ್ಸು ಹೆಚ್ಚು. ಹಳ್ಳಿಯ ಹಿರಿಯರ ಮನೆ ಬಿದ್ದಾಗ ತಂದೆಯವರು ಉಳಿಸಿ ತಂದುದು ಆ ತೇಗದ ಕದವೊಂದನ್ನೇ. ಇಲ್ಲಿ ಕೂಡಿಸುವಾಗ ಅದರ ಮೇಲು ಕೆಳಗಿನ ಗೂಟಗಳನ್ನು ಕೊಯ್ದು, ಎರಡು ಬಿಜಾಗರಿಗಳಿಂದ ಚೌಕಟ್ಟಿಗೆ ತೂಗಹಾಕಿದರು. ಕೆಲವೇ ವರ್ಷಗಳಲ್ಲಿ ಕದ ಜಗ್ಗಿ ಹೊಸ್ತಿಲನ್ನು ಕೆರೆಯತೊಡಗಿತು. ಮೂರು ತಲೆಮಾರು ನಿರಾತಂಕವಾಗಿ ತಿರುಗಿದ ಕದ ಇಲ್ಲೇಕೆ ಸೋತಿತು? ಈ ಪ್ರಶ್ನೆಯೇ ನನ್ನನ್ನು ಬಾಗಿಲಿನ ಇತಿಹಾಸದತ್ತ ಒಯ್ದಿತು.

ಆ ಗೂಟವೇ ತಿರುಗಣಿ. ಅದು ಹೊಸ್ತಿಲ ಕುಳಿಯಲ್ಲಿ ನಿಂತು ತಿರುಗುತ್ತದೆ. ಕದದ ಭಾರವೆಲ್ಲ ನೆಲಕ್ಕೆ ಇಳಿಯುತ್ತದೆ. ನಮ್ಮ ನಾಡಿನ ಹಳೆಯ ದೇವಾಲಯಗಳಲ್ಲಿ ಕದ ಕಾಲವಶವಾದ ಮೇಲೂ ಕಲ್ಲಿನ ಕುಳಿ ಉಳಿದಿರುವುದನ್ನು ಕಾಣುತ್ತೇವೆ. ಕ್ರಿ.ಪೂ. ಒಂಬತ್ತನೆಯ ಶತಮಾನದಲ್ಲಿ ಅಸ್ಸೀರಿಯದ ಅರಸ ಮೂರನೆಯ ಶಲ್ಮನೇಸರನು ಬಲಾವತ್‌ನಲ್ಲಿ ನಿಲ್ಲಿಸಿದ, ಕಂಚಿನ ಪಟ್ಟಿಗಳ ಮಹಾದ್ವಾರವೂ ಇದೇ ಬಗೆಯದು. 1878ರಲ್ಲಿ ದೊರೆತ ಆ ಪಟ್ಟಿಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಬಿಜಾಗರಿಯ ದಾರಿ ಬೇರೆ. ಇಂಗ್ಲೆಂಡಿನಲ್ಲಿ 1775ರಲ್ಲಿ ಎರಕದ ಕಬ್ಬಿಣದ ಬಿಜಾಗರಿಗೆ ಪೇಟೆಂಟು ದೊರೆಯಿತು; ಕಮ್ಮಾರನು ಒಂದೊಂದಾಗಿ ಬಡಿಯುತ್ತಿದ್ದ ವಸ್ತು ಅಚ್ಚಿನಿಂದ ಹೊರಬರತೊಡಗಿತು. 'ತಿರುಗಣಿ' ನಮ್ಮ 'ತಿರುಗು' ಧಾತುವಿನಿಂದ ಹುಟ್ಟಿದ ಮಾತಾದರೆ, 'ಬಿಜಾಗರಿ' ನಮಗೂ ಮರಾಠಿಗೂ ಸಮಾನವಾದ ಮಾತು.

ಬಿಜಾಗರಿಯಲ್ಲಿ ಕದ ನಿಲ್ಲುವುದಿಲ್ಲ, ತೂಗುತ್ತದೆ. ಮೇಲಿನ ಬಿಜಾಗರಿಯನ್ನು ಭಾರವು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಕದ ಅಗಲವಾದಷ್ಟೂ ಎಳೆತ ಹೆಚ್ಚು. ಆದುದರಿಂದಲೇ ಮೊದಲು ಸಡಿಲುವುದು ಮೇಲಿನ ಸ್ಕ್ರೂ.

ಆಯ್ಕೆಯ ಸೂತ್ರಗಳು ಇದರಿಂದಲೇ ಹೊರಡುತ್ತವೆ. ಏಳು ಅಡಿಯ ಭಾರದ ಕದಕ್ಕೆ ಮೂರು ಬಿಜಾಗರಿ ಬೇಕು. ಮೂರರ ಕಡ್ಡಿಗಳೂ ಒಂದೇ ನೇರದಲ್ಲಿರಬೇಕು. ಹಲಗೆಯ ಹಗುರ ಬಾಗಿಲಿಗೆ ಉದ್ದ ಪಟ್ಟಿಯ ಟೀ ಬಿಜಾಗರಿ ಸಾಕು. ಕದವು ಗೋಡೆಯ ದಪ್ಪವನ್ನು ದಾಟಿ ಪೂರ್ತಿ ತೆರೆಯಬೇಕಾದರೆ ಪಾರ್ಲಿಮೆಂಟ್ ಬಿಜಾಗರಿ ತಕ್ಕುದು. ಬಚ್ಚಲಿನ ತೇವಕ್ಕೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲು ಲೇಸು. ಹಿತ್ತಾಳೆಗೆ ಕಬ್ಬಿಣದ ಸ್ಕ್ರೂ ಹಾಕಿದರೆ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ.

ಕಿರುಗುಟ್ಟಿದೊಡನೆ ಎಣ್ಣೆ ಸುರಿಯುವುದು ನಮ್ಮ ರೂಢಿ. ಆದರೆ ಧೂಳಿನೊಡನೆ ಕೂಡಿದ ಎಣ್ಣೆ ಲೋಹವನ್ನು ಸವೆಸುತ್ತದೆ. ಮೊದಲು ಒರಸಿ, ಅನಂತರ ಒಂದೆರಡು ಹನಿ ಬಿಟ್ಟರೆ ಸಾಕು. ಮಳೆಗಾಲದಲ್ಲಿ ಕದ ಬಿಗಿಯಾದಾಗ ಕೂಡಲೇ ಉಜ್ಜುಗೊರಡು ಹಿಡಿಯಬಾರದು. ಸ್ಕ್ರೂ ಸಡಿಲಿದೆಯೇ ಎಂದು ಮೊದಲು ನೋಡಬೇಕು. ಒಮ್ಮೆ ಹೆರೆದ ಮರ ಮತ್ತೆ ಬಾರದು.

ನಮ್ಮ ಕದವನ್ನು ಮಾರಿಬಿಡಬೇಕೆಂಬ ಮಾತು ಮನೆಯಲ್ಲಿ ಬಂದಿತ್ತು. ಕೊನೆಗೊಮ್ಮೆ ವೃದ್ಧ ಬಡಿಗನನ್ನು ಕರೆಸಿದೆ. ಅವನು ಕದವನ್ನು ಎತ್ತಿ ನೋಡಿ, "ಕದ ಗಟ್ಟಿ ಐತ್ರಿ ಯಜಮಾನ್ರ, ಸ್ಕ್ರೂ ಹಿಡದ ಕಟ್ಟಿಗಿ ಸೋತೈತಿ" ಎಂದ. ಹಳೆಯ ತೂತುಗಳಿಗೆ ಸಾಗುವಾನಿಯ ಬೆಣೆ ಬಡಿದು, ಮೂರನೆಯ ಬಿಜಾಗರಿಯನ್ನು ಮೇಲಿನದರ ಸಮೀಪ ಕೂಡಿಸಿದ. ಹೊಸ್ತಿಲ ಮೇಲಿನ ಗೀರು ಹಾಗೆಯೇ ಇದೆ. ಕದ ಅದನ್ನು ಮುಟ್ಟುವುದಿಲ್ಲ. ಹಳೆಯದನ್ನು ಹೊಸ ಕಟ್ಟಡಕ್ಕೆ ತರುವವನು ಅದು ಯಾವುದರ ಮೇಲೆ ನಿಂತಿತ್ತೆಂಬುದನ್ನು ಮೊದಲು ಅರಿಯಬೇಕು. ತಂದೆಯವರಿಗೆ ಈ ಮಾತು ಹೇಳಲು ಈಗ ಅವರಿಲ್ಲ.